ಧೂಪದಾನಿಯಲ್ಲ ಮೇಷ್ಟ್ರೆ, ಹುಣಸೆಹಣ್ಣು ದೂರ ಇಡಿ

ಪತ್ರ: ನಮ್ಮೂರಿನ ಗ್ರಂಥಾಲಯಕ್ಕೆ ಹಳೆಯ ಮನೆಯೊಂದರವರು ಗೋಣಿಚೀಲಗಳಲ್ಲಿ ಪುಸ್ತಕ ತುಂಬಿ ದಾನ ಕೊಟ್ಟರು. ಒಂದು ಚೀಲದ ತಳದಲ್ಲಿ ಹಿತ್ತಾಳೆಯ ಡಬ್ಬಿ ಸಿಕ್ಕಿತು. ಎಂಟು ಮುಖ, ಪ್ರತಿ ಮುಖದಲ್ಲೂ ಮೇಲಿನಿಂದ ಕೆಳಕ್ಕೆ ಸಣ್ಣ ಸೀಳು, ಅಡಿಯಲ್ಲಿ ಥ್ರೆಡ್ ಹಾಕಿ ಕೂರಿಸಿದ ಟೊಳ್ಳು ಕೊಳವೆ. ಮೊಬೈಲಿಗೆ ತೋರಿಸಿದರೆ ಧೂಪದಾನಿ ಎಂದಿತು. ಊರಿನವರೊಬ್ಬರು ಹೊಯ್ಸಳರ ಕಾಲದ ದೀಪ ಎಂದರು. ಹುಣಸೆಹಣ್ಣು ಹಾಕಿ ಫಳಫಳ ಬೆಳಗಿಸಿದ್ದೇವೆ. ಇದೇನು? ಗುಜರಿಯವರು ತೂಕಕ್ಕೆ ಕೇಳುತ್ತಿದ್ದಾರೆ, ಕೊಟ್ಟುಬಿಡಲೇ? – ಬೇಲೂರು ತಾಲ್ಲೂಕಿನ ಶಾಲಾ ಶಿಕ್ಷಕರು

ಸಂಪಾದಕರ ಉತ್ತರ: ಕೊಡಬೇಡಿ ಮೇಷ್ಟ್ರೆ. ಮೊದಲು ವಸ್ತುವಿನ ವಿಚಾರ ಮುಗಿಸುತ್ತೇನೆ, ಬೈಗುಳ ಆಮೇಲೆ.

ನಿಮ್ಮ ಕೈಯಲ್ಲಿರುವುದು ಜಮೀನು ಅಳೆಯುವವರ ಕ್ರಾಸ್ ಸ್ಟಾಫಿನ ತಲೆ. ಅಡಿಯ ಕೊಳವೆಗೆ ಕಬ್ಬಿಣದ ಮೊನೆಯ ಕೋಲು ಸೇರುತ್ತಿತ್ತು. ಕೋಲು ಯಾರದೋ ಬಚ್ಚಲೊಲೆ ಸೇರಿರಬೇಕು. ಎದುರುಬದುರಾದ ಎರಡು ಸೀಳುಗಳಲ್ಲಿ ಕಣ್ಣು ಹಾಯಿಸಿದರೆ ಒಂದು ನೇರ ಗೆರೆ. ಒಂದು ಮುಖ ಬಿಟ್ಟು ಮುಂದಿನ ಸೀಳಿನಲ್ಲಿ ನೋಡಿದರೆ ಆ ಗೆರೆಗೆ ಲಂಬ. ಪಕ್ಕದ ಮುಖದಲ್ಲಿ ನೋಡಿದರೆ 45 ಡಿಗ್ರಿ. ಮಸೂರವಿಲ್ಲ, ಮುಳ್ಳಿಲ್ಲ, ಕೆಡುವುದಕ್ಕೆ ಏನೂ ಇಲ್ಲ. ಸರ್ವೆಯವರು ಹೊಲದ ಉದ್ದಕ್ಕೂ ಒಂದು ಗೆರೆ ಹಿಡಿದು ಸರಪಳಿ ಎಳೆಯುತ್ತಿದ್ದರು. ಆ ಗೆರೆಯ ಮೇಲೆಯೇ ಈ ಕೋಲನ್ನು ನೆಡುತ್ತ, ಕೀಳುತ್ತ, ಹಿಂದೆ ಮುಂದೆ ಸರಿಯುತ್ತಿದ್ದರು. ಮೂಲೆಯ ಬಾಂದುಕಲ್ಲು ಲಂಬದ ಸೀಳಿನೊಳಗೆ ಬಂದು ಕೂತಿತೆಂದರೆ ಅಲ್ಲೇ ನಿಂತು ಕಲ್ಲಿನವರೆಗೆ ಅಳತೆ ಹಿಡಿಯುತ್ತಿದ್ದರು. ಎಷ್ಟೇ ಅಂಕುಡೊಂಕಾದ ಗದ್ದೆಯೂ ಹೀಗೆ ತ್ರಿಕೋನಗಳಾಗಿ, ಚತುರ್ಭುಜಗಳಾಗಿ ಒಡೆದು ಟಿಪ್ಪಣಿಯ, ಅಂದರೆ ಸರ್ವೆಯವರ ಅಳತೆ ನಕ್ಷೆಯ, ಹಾಳೆಯ ಮೇಲೆ ಮಲಗುತ್ತಿತ್ತು. ಸರಪಳಿ 33 ಅಡಿ, ಅದಕ್ಕೆ 16 ಆಣೆ, ಅಂದರೆ 16 ಸಮಭಾಗ. 33 ಅಡಿ ಚೌಕಕ್ಕೆ ಒಂದು ಗುಂಟೆ. 40 ಗುಂಟೆಗೆ ಎಕರೆ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಕಂದಾಯ ಸರ್ವೆ ಶುರುವಾದ ಮೇಲೆ ಈ ಲೆಕ್ಕ ನಮ್ಮ ಮೈಗೆ ಎಷ್ಟು ಹತ್ತಿದೆಯೆಂದರೆ, ದೇಶಕ್ಕೆ ಮೀಟರ್ ಬಂದು ದಶಕಗಳೇ ಕಳೆದರೂ ಪಹಣಿಯಲ್ಲಿ ಇಂದಿಗೂ ಎಕರೆ-ಗುಂಟೆಯೇ ಇದೆ.

ನನ್ನ ಮಾತೂ ನಂಬಬೇಡಿ. ಡಬ್ಬಿಯನ್ನು ಒಂದು ಕೋಲಿಗೆ ಸಿಕ್ಕಿಸಿ ಶಾಲೆಯ ಮೈದಾನದಲ್ಲಿ ನೆಡಿ. ಒಂದು ಸೀಳಿನ ನೇರಕ್ಕೆ 9 ಅಡಿಯಲ್ಲಿ ಒಬ್ಬ ಹುಡುಗ, ಲಂಬದ ಸೀಳಿನ ನೇರಕ್ಕೆ 12 ಅಡಿಯಲ್ಲಿ ಒಬ್ಬಳು ಹುಡುಗಿ ನಿಲ್ಲಲಿ. ಅವರಿಬ್ಬರ ನಡುವೆ ಹಗ್ಗ ಹಿಡಿದರೆ 15 ಅಡಿ ಬರಬೇಕು. ಏಳನೆಯ ತರಗತಿಯವರಿಗೆ ಪೈಥಾಗೊರಸ್ ಅಂದು ಅರ್ಥವಾದಷ್ಟು ಮತ್ತೆಂದೂ ಅರ್ಥವಾಗುವುದಿಲ್ಲ.

ಇನ್ನು ಹೊಯ್ಸಳರು. ನಮ್ಮ ಜಿಲ್ಲೆಯಲ್ಲಿ ಎಂಟು ಮೂಲೆ ಇರುವುದೆಲ್ಲ ಹೊಯ್ಸಳರದೇ! ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಆ ಶಿಲ್ಪಿಗಳ ಕೈಚಳಕಕ್ಕೆ ನಾನೂ ತಲೆಬಾಗುತ್ತೇನೆ, ಆದರೆ ಅವರು ಹಿತ್ತಾಳೆ ಕೊಳವೆಗೆ ಥ್ರೆಡ್ ಹಾಕುತ್ತ ಕೂತವರಲ್ಲ. ಮೊಬೈಲ್ ಆದರೂ ವಾಸಿ, ಆಕಾರ ನೋಡಿ ಹೋಲುವ ಚಿತ್ರಗಳನ್ನು ಮುಂದಿಡುತ್ತದೆ, ತಯಾರಕರ ಮುದ್ರೆ ಸಿಕ್ಕರೆ ಹುಡುಕಿಕೊಡುತ್ತದೆ. ಅಷ್ಟು ಉಪಕಾರ ಸ್ಮರಿಸೋಣ. ಆದರೆ ವಸ್ತುವನ್ನು ಎತ್ತಿ ಹಿಡಿದು ದುಡಿದ ಕೈಯ ಮುಂದೆ ಅದು ಏನೂ ಅಲ್ಲ.

ಹಿಂದೊಮ್ಮೆ ಹಾಸನದ ನಮ್ಮ ಕಚೇರಿಗೆ ಒಬ್ಬರು ಮೊಳದುದ್ದದ ಕಬ್ಬಿಣದ ಕೊಳವೆ ತಂದುಕೊಟ್ಟಿದ್ದರು. ಒಂದು ತುದಿ ಚೂಪು, ಮೇಲೆ ಉದ್ದಕ್ಕೂ ತೆರೆದ ಬಾಯಿ. ಕೊಳಲು ಎಂದವರುಂಟು, ಮರದಿಂದ ಹಾಲು ಇಳಿಸುವುದು ಎಂದವರುಂಟು. ಪತ್ರಿಕೆಯ ಕಟ್ಟು ಇಳಿಸಲು ಬಂದ ವಯಸ್ಸಾದ ಹಮಾಲಿಯೊಬ್ಬರು ಮೇಜಿನ ಮೇಲಿದ್ದ ಅದನ್ನು ತೆಗೆದುಕೊಂಡರು. ತೆರೆದ ಬಾಯನ್ನು ಕೆಳಮುಖ ಮಾಡಿ ಗಾಳಿಯಲ್ಲೇ ಚುಚ್ಚಿದರು, ಮಣಿಕಟ್ಟು ತಿರುವಿದರು, ಹಿಂದಕ್ಕೆ ಎಳೆದು ಎಡ ಅಂಗೈಗೆ ಏನನ್ನೋ ಸುರಿದುಕೊಂಡಂತೆ ಮಾಡಿದರು. ಮೂಟೆ ಬಿಚ್ಚದೆ ಒಳಗಿನ ಕಾಫಿ ಬೀಜ ತೆಗೆದು ನೋಡುವ ಕೊಳವೆ ಅದು. ಅವರು ಒಂದು ಮಾತೂ ಆಡಲಿಲ್ಲ, ವಾದಿಸುತ್ತಿದ್ದ ಪದವೀಧರರು ನಾವೆಲ್ಲ ಬಾಯಿ ಮುಚ್ಚಿದೆವು.

ಈಗ ಬೈಗುಳ. ಹುಣಸೆಹಣ್ಣು ಹಾಕಿ ಯಾಕೆ ಉಜ್ಜಿದಿರಿ? ಇಂಥ ಉಪಕರಣಗಳ ಮೇಲೆ ತಯಾರಕರ ಹೆಸರು, ಇಲಾಖೆಯ ಅಂಕಿ ತೆಳ್ಳಗೆ ಕೆತ್ತಿರುವುದುಂಟು. ಉಜ್ಜಿದಷ್ಟೂ ಅದು ಸವೆಯುತ್ತದೆ. ಕೈ ಹಿಡಿದು ಹಿಡಿದು ಮಾಸಿದ ಜಾಗವೂ ಒಂದು ಸಾಕ್ಷಿಯೇ. ನೀವು ತೊಳೆದು ಹಾಕಿದ್ದು ಕೊಳೆಯನ್ನಲ್ಲ. ಆದರೂ ಗುಜರಿಗೆ ಹಾಕುವ ಮುನ್ನ ಕಾಗದ ಬರೆದು ಕೇಳಿದಿರಲ್ಲ, ಅಷ್ಟಕ್ಕೇ ಅರ್ಧ ತಪ್ಪು ಮಾಫಿ.

ಉಳಿದರ್ಧವನ್ನು ದಾನ ಕೊಟ್ಟವರ ಲೆಕ್ಕಕ್ಕೆ ಬರೆಯುತ್ತೇನೆ. ನಮ್ಮಲ್ಲಿ ದಾನವೆಂದರೆ ಅಟ್ಟ ಖಾಲಿ ಮಾಡುವುದು. ಹಳೆಯ ಮನೆ ಕೆಡವುವ ವಾರ ಗ್ರಂಥಾಲಯದ ಜಗುಲಿಗೆ ಚೀಲ ಬಂದು ಬೀಳುತ್ತದೆ, ಒಳಗೊಂದು ಚೀಟಿ ಇರುವುದಿಲ್ಲ. 'ಇದು ನಮ್ಮ ತಾತನದು, ಅವರು ಸರ್ವೆ ಕೆಲಸದಲ್ಲಿದ್ದರು' ಎಂದು ಒಂದು ಸಾಲು ಬರೆದಿದ್ದರೆ ನೀವು ನನಗೆ ಕಾಗದ ಬರೆಯಬೇಕಿರಲಿಲ್ಲ. ತಾತ ಏನು ಕೆಲಸ ಮಾಡುತ್ತಿದ್ದರೆಂದು ಮೊಮ್ಮಕ್ಕಳಿಗೇ ಗೊತ್ತಿಲ್ಲ. 'ಗೌರ್ಮೆಂಟಿನಲ್ಲಿದ್ದರು' ಎನ್ನುತ್ತಾರೆ, ಅಲ್ಲಿಗೆ ವಂಶಾವಳಿ ಮುಗಿಯಿತು. ಗ್ರಂಥಾಲಯಕ್ಕೆ ಬರದೆ ಉಳಿದದ್ದು ಸಕಲೇಶಪುರ, ಚಿಕ್ಕಮಗಳೂರಿನ ಹೋಂಸ್ಟೇ ಗೋಡೆಗಳಿಗೆ ಏರುತ್ತದೆ. ನೊಗ, ಸೇರು, ಪಾವು, ಸರಪಳಿ, ಎಲ್ಲಕ್ಕೂ ವಾರ್ನಿಷ್ ಹೊಡೆದು ಕೆಳಗೊಂದು ಹಳದಿ ಬಲ್ಬು. ಪಾವಿಗೆ ಎಷ್ಟು ಅಕ್ಕಿ ಹಿಡಿಯುತ್ತದೆಂದು ಅಲ್ಲಿನ ಮಾಲೀಕರನ್ನು ಕೇಳಿನೋಡಿ. ಇತ್ತ ಅದೇ ಮಾಲೀಕರಿಗೆ ಪಕ್ಕದ ತೋಟದವರೊಂದಿಗೆ ಬೇಲಿಯ ತಕರಾರು, ಹದ್ದುಬಸ್ತಿಗೆ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಸರ್ವೆಯವರು ಇಂದು ಎಂಥ ಯಂತ್ರ ತಂದರೂ ಮೊದಲು ಬಿಚ್ಚುವುದು ಆ ಕಾಲದ ಟಿಪ್ಪಣಿಯನ್ನೇ. ಸರಪಳಿ ಮಾತ್ರ ಗೋಡೆಯ ಅಲಂಕಾರ!

ನಿಮಗೆ ಎರಡು ಕೆಲಸ. ನಿಮ್ಮ ಹೋಬಳಿಯಲ್ಲಿ ನಿವೃತ್ತ ಭೂಮಾಪಕರು ಇದ್ದೇ ಇರುತ್ತಾರೆ. ಕಾಫಿ ಕೊಟ್ಟು ಕೂರಿಸಿ, ಡಬ್ಬಿಯನ್ನು ಅವರ ಕೈಗೆ ಕೊಡಿ, ಅವರು ಹೇಳುವುದನ್ನೆಲ್ಲ ಮಕ್ಕಳಿಂದ ಬರೆಸಿ. ದಾನ ಕೊಟ್ಟ ಮನೆಯವರನ್ನೂ ಬಿಡಬೇಡಿ, ಸರಪಳಿ ಇನ್ನೂ ಅಟ್ಟದಲ್ಲಿದ್ದರೂ ಇರಬಹುದು. ಡಬ್ಬಿಯ ಮೇಲ್ಭಾಗಕ್ಕೆ ಬೆಳಕನ್ನು ಓರೆಯಾಗಿ ಬಿಟ್ಟು ಇನ್ನೊಂದು ಫೋಟೋ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಈ ಸಲ ಪಕ್ಕದಲ್ಲಿ ಅಳತೆಪಟ್ಟಿ ಇಡಿ ಮೇಷ್ಟ್ರೆ. ಲೋಟ ಇಟ್ಟು ತೆಗೆದು ಕಳಿಸಿದ್ದೀರಿ, ನಿಮ್ಮ ಮನೆಯ ಲೋಟ ಎಷ್ಟು ದೊಡ್ಡದೆಂದು ನನಗೆ ಹೇಗೆ ತಿಳಿಯಬೇಕು?