ನಿಘಂಟಿಗೆ ಕತ್ತರಿ ಹಾಕಿದವರು

ನಿಮ್ಮ ಪತ್ರ ಓದಿದೆ. ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು "ಗಣೇಶೋತ್ಸವದ ಲೆಕ್ಕದ ಮೇಲೆ ನನಗೆ ಅನುಮಾನ ಇದೆ" ಎಂದು ಬರೆದರು. ಲೆಕ್ಕ ಇಟ್ಟವರು ನೀವು. "ನನ್ನನ್ನ ಕಳ್ಳಿ ಅಂತೀರಾ?" ಎಂದು ಕೇಳಿದಿರಿ. ಅವರು ನಿಘಂಟಿನ ಪುಟದ ಫೋಟೊ ಹಾಕಿದರು: ಅನುಮಾನ ಎಂದರೆ ತರ್ಕದಿಂದ ತಿಳಿಯುವುದು, ಅದರಲ್ಲಿ ಆರೋಪ ಎಲ್ಲಿದೆ? ಈಗ ಅವರ ಬಾಯಿ ಮುಚ್ಚಿಸುವ ಇನ್ನೊಂದು ನಿಘಂಟು ಯಾವುದು ಎಂದು ನನ್ನನ್ನು ಕೇಳಿದ್ದೀರಿ.

ಹೇಳುವುದಿಲ್ಲ. ಮೊದಲು ನೀವು ಕಳಿಸಿದ ಅದೇ ಫೋಟೊ ದೊಡ್ಡದು ಮಾಡಿ ನೋಡಿ. ಒಂದನೇ ಅರ್ಥ ಪೂರ್ತಿ ಇದೆ. ಅದರ ಕೆಳಗೆ 2 ಎಂಬ ಅಂಕಿಯ ತಲೆ ಮಾತ್ರ ಕಾಣುತ್ತದೆ, ಅಲ್ವಾ? ಅಲ್ಲಿಗೆ ಕತ್ತರಿ ಬಿದ್ದಿದೆ. ನಮ್ಮ ಕಚೇರಿಯ ಕಪಾಟಿನಲ್ಲೂ ಅದೇ ಪುಸ್ತಕ ಇದೆ, ತೆಗೆದು ನೋಡಿದೆ. ಎರಡನೇ ಅರ್ಥ: ಸಂದೇಹ, ಸಂಶಯ.

ಒಂದನೇ ಅರ್ಥವೇ ಅಸಲಿ, ಉಳಿದವು ಸುಮ್ನೆ ಎಂದು ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟನ್ನೇ ತೆಗೆದುಕೊಳ್ಳಿ. ಶಾಸನಗಳಲ್ಲಿ, ಕಾವ್ಯಗಳಲ್ಲಿ ಪದ ಎಲ್ಲೆಲ್ಲಿ ಹೇಗೆ ಬಂದಿದೆ ಎಂದು ಸಾಲು ಸಾಲಾಗಿ ಹೆಕ್ಕಿ, ಆಮೇಲೆ ಅರ್ಥ ಕೊಟ್ಟಿದ್ದಾರೆ. ಆಡಿದವರು ಮೊದಲು, ನಿಘಂಟು ನಂತರ.

ಶಿಕ್ಷೆ ಎಂಬ ಪದ ನೋಡಿ. ಸಂಸ್ಕೃತದಲ್ಲಿ ಅದು ಕಲಿಕೆ. ಹಿಂದಿಯಲ್ಲಿ ಇವತ್ತಿಗೂ ಹಾಗೇ. ನಮ್ಮಲ್ಲೂ ಶಿಕ್ಷಕ, ಶಿಕ್ಷಣ ಎಲ್ಲ ಅದೇ ಮನೆಯವರು. ಆದರೆ "ಕಳ್ಳನಿಗೆ 3 ವರ್ಷ ಶಿಕ್ಷೆ" ಎಂಬ ಸುದ್ದಿ ಓದಿ, ಪಾಪ, ಡಿಗ್ರಿ ಮುಗಿಸಿಕೊಂಡು ಬರ್ತಾನೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. (ಮೇಷ್ಟ್ರ ಕೈಲಿ ಏಟು ತಿಂದವರಿಗೆ ಎರಡೂ ಅರ್ಥ ಒಂದೇ, ಅದು ಬೇರೆ ಮಾತು.)

ಲೆಕ್ಕದ ಮೇಲೆ ಅನುಮಾನ, ಗಂಡನ ಮೇಲೆ ಅನುಮಾನ: ಕನ್ನಡದಲ್ಲಿ 'ಮೇಲೆ' ಬಂದು ಕೂತಾಗಲೇ ಅರ್ಥ ತೀರ್ಮಾನವಾಗಿಬಿಡುತ್ತದೆ. ಅದನ್ನು ಬರೆದವರಿಗೂ ಗೊತ್ತು, ಹೆಬ್ಬೆರಳು ಎತ್ತಿದವರಿಗೂ ಗೊತ್ತು.

ಹೋಗಲಿ, ಅವರ ಅರ್ಥವನ್ನೇ ಒಪ್ಪಿಬಿಡಿ. ನ್ಯಾಯಶಾಸ್ತ್ರದಲ್ಲಿ, ಅಂದರೆ ನಮ್ಮ ಹಳೇ ತರ್ಕಶಾಸ್ತ್ರದಲ್ಲಿ, ಅನುಮಾನ ಒಂದು ಪ್ರಮಾಣ, ಎಂದರೆ ಸರಿಯಾಗಿ ತಿಳಿಯುವ ಒಂದು ದಾರಿ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು ಅದರ ಹಳೇ ಉದಾಹರಣೆ. ಅಲ್ಲಿ ಸುಮ್ನೆ ಬೆಂಕಿ ಎಂದರೆ ನಡೆಯುವುದಿಲ್ಲ, ಹೊಗೆ ತೋರಿಸಬೇಕು. ಹಾಗಾದರೆ ಇವರು ಯಾವ ಹೊಗೆ ಕಂಡರು? ಪೆಂಡಾಲಿನ ಬಿಲ್ಲಿನಲ್ಲೋ, ಹೂವಿನ ಬಿಲ್ಲಿನಲ್ಲೋ?

ಗುಂಪಿನಲ್ಲಿ ಅಷ್ಟೇ ಕೇಳಿ. ಜೊತೆಗೆ ಬಿಲ್ಲುಗಳ ಫೋಟೊ ಹಾಕಿ. ಕತ್ತರಿಸದೆ.

– ಸಂಪಾದಕ