ಬಿಡಿಸಿದವನು ಕೊಟ್ಟ ಬೆಲೆ ಯಾರ ಕೈಗೆ ಹೋಯಿತು?

ಮೇಷ್ಟ್ರೇ, ನಮಸ್ಕಾರ.

ದಾವಣಗೆರೆಯಿಂದ ನೀವು ಬರೆದ ಪತ್ರ ಕೈಸೇರಿದೆ. ಹಳೆಯ ಶಿಷ್ಯನೊಬ್ಬ ಕರೆದನೆಂದು ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆ ಚರ್ಚಿಗೆ ಹೋಗಿದ್ದಿರಿ. ಯೇಸು ತನ್ನ ಪ್ರಾಣವನ್ನೇ ಬೆಲೆಯಾಗಿ ಕೊಟ್ಟು ನಮ್ಮನ್ನು ಬಿಡಿಸಿದ ಎಂದು ಗುರುಗಳು ಹೇಳಿದ್ದು ನಿಮ್ಮ ತಲೆಯಲ್ಲಿ ಕೂತುಬಿಟ್ಟಿದೆ. "ಮಾಡಿದ್ದುಣ್ಣೋ ಮಹಾರಾಯ ಅಂತ ಮಕ್ಕಳಿಗೆ ಕಲಿಸಿದವನು ನಾನು. ಒಬ್ಬನ ತಪ್ಪಿಗೆ ಇನ್ನೊಬ್ಬ ಬೆಲೆ ತೆರುವುದು ಯಾವ ನ್ಯಾಯ? ಆ ಬೆಲೆ ಹೋಗಿದ್ದಾದರೂ ಯಾರ ಕೈಗೆ? ತಪ್ಪು ಮಾಡಿದವನು ಇನ್ನು ಹಾಯಾಗಿ ಇರಬಹುದಲ್ವಾ?" ಎಂದು ಕೇಳಿದ್ದೀರಿ.

ನೀವು ನಡುವೆ ಇಟ್ಟ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಬಹಳ ಹಳೆಯದು. ಬೆಲೆ ಸೈತಾನನಿಗೆ ಹೋಯಿತು ಎಂದು ಕ್ರೈಸ್ತರ ಆದಿ ಸಭೆಯಲ್ಲಿ, ಅಂದರೆ ಮೊದಲ ಶತಮಾನಗಳಲ್ಲಿ, ಹೇಳಿದವರಿದ್ದರು. ನಾಲ್ಕನೇ ಶತಮಾನದ ಧರ್ಮಾಧ್ಯಕ್ಷ ನಾಜಿಯಾನ್ಜಸ್‌ನ ಗ್ರೆಗರಿ ಅದನ್ನು ಖಡಾಖಂಡಿತ ಅಲ್ಲಗಳೆದರು. ಕಳ್ಳನಿಗೆ ದೇವರು ಕಪ್ಪ ಕೊಡುವುದೇ? ತಂದೆಯಾದ ದೇವರಿಗೆ ಹೋಯಿತು ಅನ್ನೋಣವೆಂದರೆ, ನಮ್ಮನ್ನು ಸೆರೆ ಹಿಡಿದವನು ಆತನಲ್ಲವಲ್ಲ! ಹನ್ನೊಂದನೇ ಶತಮಾನದ ಕೊನೆಯಲ್ಲಿ ಅನ್ಸೆಲ್ಮ್ ಎಂಬ ಕ್ರೈಸ್ತ ಪಂಡಿತರು ಬೇರೆ ಉತ್ತರ ಕೊಟ್ಟರು: ಮನುಷ್ಯ ದೇವರಿಗೆ ಸಲ್ಲಿಸಬೇಕಾದ ಗೌರವ ಬಾಕಿ ಉಳಿದಿತ್ತು, ಅದು ಕ್ರಿಸ್ತನಿಂದ ಸಂದಿತು. ಇವತ್ತಿಗೂ ಅನೇಕರು ನಂಬುವುದು ಇದನ್ನೇ. ನನಗೆ ಮಾತ್ರ ಬೈಬಲ್ಲಿನ ಹಳೆಯ ಕಥೆಗಳೇ ಹೆಚ್ಚು ಬೆಳಕು ಕೊಡುತ್ತವೆ.

ಈಜಿಪ್ಟಿನ ಕಥೆ ನಿಮಗೆ ಗೊತ್ತೇ ಇರುತ್ತದೆ. ಇಸ್ರಾಯೇಲರು ಅಲ್ಲಿ ಗುಲಾಮರು, ಇಟ್ಟಿಗೆ ಮಾಡುವ ಕೆಲಸ. ದೇವರು ಮೋಶೆಯನ್ನು ಕಳಿಸಿ ಅವರನ್ನು ಬಿಡಿಸುತ್ತಾನೆ. ಅಲ್ಲಿನ ದೊರೆ ಫರೋಹನಿಗೆ ಒಂದು ಬಿಡಿಗಾಸೂ ಸಿಗುವುದಿಲ್ಲ. ಹೊರಡುವಾಗ ಈಜಿಪ್ಟಿನವರೇ ಬೆಳ್ಳಿ ಬಂಗಾರ ಕೊಟ್ಟು ಕಳಿಸುತ್ತಾರೆ. ನಮ್ಮ ಕಡೆಯ ಹಿರಿಯರಿಗೆ ಜೀತ ಗೊತ್ತು. ಅಪ್ಪನ ಸಾಲಕ್ಕೆ ಮಗ ಧಣಿಯ ಹೊಲದಲ್ಲಿ ದುಡಿಯಬೇಕಿತ್ತು. 1976ರ ಜೀತ ರದ್ದತಿ ಕಾಯ್ದೆ ಧಣಿಗೆ ದುಡ್ಡು ಕೊಟ್ಟು ಆ ಮಗನನ್ನು ಬಿಡಿಸಲಿಲ್ಲ, ಸಾಲವನ್ನೇ ಅಳಿಸಿಹಾಕಿತು. ಹಾಗೆಯೇ ಇದೂ. ಬಿಡುಗಡೆಯಾಯಿತು ಎಂದರೆ ಹಿಡಿದಿಟ್ಟವನಿಗೆ ಹಣ ಸಂದಿರಲೇಬೇಕು ಎಂದೇನಿಲ್ಲ.

ಹಾಗಾದರೆ ಬೆಲೆಯ ಮಾತು ಸುಮ್ನೆ ಬಂತೇ? ಇಲ್ಲ. ಅನೇಕರ ಬಿಡುಗಡೆಗಾಗಿ ಪ್ರಾಣವನ್ನು ಈಡಾಗಿ ಕೊಡಲು ಬಂದಿದ್ದೇನೆ ಎಂದು ಯೇಸುವೇ ಹೇಳಿದ್ದು ಮಾರ್ಕನ ಸುವಾರ್ತೆಯಲ್ಲಿದೆ. ಆದರೆ ಅಲ್ಲಿ ತೂಕ ಇರುವುದು ಪಡೆದವನ ಲಾಭದ ಮೇಲಲ್ಲ, ಕೊಟ್ಟವನ ನಷ್ಟದ ಮೇಲೆ.

ಇದಕ್ಕೆ ರೂತಳ ಕಥೆ ನೋಡಬೇಕು. ಮೋಶೆಯ ಕಾನೂನಿನ ಪ್ರಕಾರ ಬಡತನಕ್ಕೆ ಬಿದ್ದು ಹೊಲ ಮಾರಿದವನ ಆಸ್ತಿಯನ್ನು ಹತ್ತಿರದ ಸಂಬಂಧಿ ಬಿಡಿಸಿಕೊಡಬೇಕು. ಸಾಲಕ್ಕಾಗಿ ತನ್ನನ್ನೇ ಪರದೇಶಿಗೆ ಮಾರಿಕೊಂಡಿದ್ದರೆ ಅವನನ್ನೂ ಬಿಡಿಸಬಹುದು. ರೂತಳು ವಿಧವೆ, ಮೋವಾಬ್ ದೇಶದವಳು, ಬೇರೆಯವರ ಗದ್ದೆಯಲ್ಲಿ ಬಿದ್ದ ತೆನೆ ಆಯ್ದು ಅತ್ತೆಯನ್ನು ಸಾಕುತ್ತಿದ್ದವಳು. ಅವಳ ಗಂಡನ ಮನೆಯ ಸಂಬಂಧಿ ಬೋವಜ ಬೇತ್ಲೆಹೇಮಿನ ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರನ್ನು ಕೂರಿಸಿ, ತನಗಿಂತ ಹತ್ತಿರದ ಸಂಬಂಧಿಯನ್ನು ಕರೆದು ಕೇಳುತ್ತಾನೆ: ರೂತಳ ಅತ್ತೆಯ ಹೊಲ ಬಿಡಿಸುತ್ತೀಯಾ? ಅವನು ಕೂಡಲೇ ಹೂಂ ಅನ್ನುತ್ತಾನೆ. ಹೊಲದ ಜೊತೆ ರೂತಳ ಕೈಯನ್ನೂ ಹಿಡಿಯಬೇಕು, ಸತ್ತವನ ಮನೆಯ ಹೆಸರು ಉಳಿಸಬೇಕು ಎಂದಾಗ ಹಿಂದೆ ಸರಿಯುತ್ತಾನೆ. ನನ್ನ ಸ್ವಂತ ಆಸ್ತಿಗೇ ಪೆಟ್ಟು ಬೀಳುತ್ತೆ ಅನ್ನುತ್ತಾನೆ. ಕಾಲಿನ ಕೆರ ಕಳಚಿ ಕೊಟ್ಟು ಹಕ್ಕು ಬಿಟ್ಟುಬಿಡುತ್ತಾನೆ. ಆ ನಷ್ಟವನ್ನು ಬೋವಜ ಮೈಮೇಲೆ ಎಳೆದುಕೊಳ್ಳುತ್ತಾನೆ. ಆಗ ರೂತಳು ಬರೀ ಬಡತನದಿಂದ ಪಾರಾದವಳಲ್ಲ, ಮನೆಯವಳೇ ಆಗುತ್ತಾಳೆ.

ನಿಮ್ಮ ನ್ಯಾಯದ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನಾನು ನಂಬಿದ್ದೇನೆ. ದಾರಿಹೋಕನೊಬ್ಬನನ್ನು ಹಿಡಿದು ಬೇರೆಯವರ ತಪ್ಪಿಗೆ ಶಿಕ್ಷೆ ಕೊಟ್ಟರೆ ಅದು ಘೋರ ಅನ್ಯಾಯ, ನೀವು ಹೇಳಿದ್ದು ಸರಿ. ಆದರೆ ಕ್ರೈಸ್ತರಿಗೆ ಯೇಸು ಮೂರನೆಯವನಲ್ಲ. ಕ್ರಿಸ್ತನಲ್ಲಿ ದೇವರೇ ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡ ಎನ್ನುತ್ತಾನೆ ಬೈಬಲ್ಲಿನ ತನ್ನ ಪತ್ರದಲ್ಲಿ ಪೌಲ. ಯಾರಿಗೆ ವಿರುದ್ಧವಾಗಿ ತಪ್ಪು ನಡೆಯಿತೋ ಆತನೇ ಬಂಧುವಾಗಿ ಬಂದು ನಷ್ಟ ಹೊತ್ತ. ಶಿಲುಬೆಯನ್ನು ಸಿಟ್ಟಿಗೆದ್ದ ತಂದೆ ಮಗನನ್ನು ಬಡಿದಂತೆ ವಿವರಿಸುವವರ ಮಾತು ಕೇಳಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಇನ್ನು ಹಾಯಾಗಿ ಇರುವ ವಿಚಾರ. ಯೆರಿಕೋವಿನ ಜಕ್ಕಾಯ ಸುಂಕದವರ ಮುಖ್ಯಸ್ಥ, ಊರಿಗೆಲ್ಲ ಬೇಡವಾದವನು. ಕುಳ್ಳನಾದ್ದರಿಂದ ಯೇಸುವನ್ನು ನೋಡಲು ಮರ ಹತ್ತಿದ್ದ. ಅವನು ಒಂದು ಮಾತಾಡುವ ಮೊದಲೇ, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಎಂದು ಯೇಸು ಹೇಳಿದ. ಜನ ಗೊಣಗಿದರು. ಜಕ್ಕಾಯನೋ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದ. ಸ್ವೀಕಾರ ಮೊದಲು, ಲೆಕ್ಕ ಚುಕ್ತಾ ಆಮೇಲೆ. ಮೋಸ ಹೋದವರ ದುಡ್ಡು ಮಾತ್ರ ಮರೆಯಲಿಲ್ಲ, ನೋಡಿ.

ನಂಬಿಕೆ ದೊಡ್ಡದೋ ಸತ್ಕಾರ್ಯ ದೊಡ್ಡದೋ ಎಂದು ಕ್ಯಾಥೋಲಿಕರೂ ಮಾರ್ಟಿನ್ ಲೂಥರನ ದಾರಿ ಹಿಡಿದ ಲೂಥರನ್ನರೂ ಶತಮಾನಗಳ ಕಾಲ ಕಿತ್ತಾಡಿದರು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಜಂಟಿ ಹೇಳಿಕೆಗೆ ಸಹಿ ಹಾಕಿದರು. ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಯೋಗ್ಯತೆ ನೋಡಿಯಲ್ಲ, ಕೃಪೆಯಿಂದಲೇ. ಆ ಕೃಪೆಯೇ ನಮ್ಮನ್ನು ಒಳ್ಳೆಯ ಕೆಲಸಕ್ಕೆ ಹಚ್ಚುತ್ತದೆ. ಇಷ್ಟನ್ನು ಇಬ್ಬರೂ ಒಪ್ಪಿದರು.

ರೂತಳ ಪುಸ್ತಕ ನಾಲ್ಕೇ ಅಧ್ಯಾಯ. ನಿಮ್ಮ ಶಿಷ್ಯನ ಮನೆಯಲ್ಲಿ ಕನ್ನಡ ಬೈಬಲ್ ಇದ್ದೇ ಇರುತ್ತದೆ, ಇಸಿದುಕೊಂಡು ಓದಿ. ಆಮೇಲೂ ನನ್ನ ಮಾತು ಒಪ್ಪಿಗೆಯಾಗದಿದ್ದರೆ ದಯವಿಟ್ಟು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ನಿಮಗೆ ಜಾಗ ಇಟ್ಟಿರುತ್ತೇನೆ.

ಸಂಪಾದಕ