ಹಳೆಯ ಮಾರುತಿ 800ರ ತಳಕ್ಕೆ ತುಕ್ಕು ಹಿಡಿದಿದೆ. ಮಳೆಗಾಲಕ್ಕೆ ಮೊದಲು ಯಾವ ಕಂಪನಿಯ ಅಂಡರ್‌ಬಾಡಿ ಕೋಟಿಂಗ್ ಮಾಡಿಸಲಿ?

ಯಾವುದನ್ನೂ ಮಾಡಿಸಬೇಡಿ. ಬೀದರಿನಲ್ಲಿ ಸಮುದ್ರವಿಲ್ಲ, ಆದ್ದರಿಂದ ನಿಮ್ಮ 2005ರ ಗಾಡಿಯದು ಮೇಲುಮೇಲಿನ ತುಕ್ಕೇ ಇರಬೇಕು ಎಂದು ಬರೆದಿದ್ದೀರಿ. ಕಲಬುರಗಿಯಲ್ಲಿ ಕುಳಿತು ನಾನೂ ಹಾಗೆಯೇ ನಂಬಿದ್ದೆ.

ನನ್ನ 800 ವಾರವಿಡೀ ಕಚೇರಿಗೆ, ರವಿವಾರ ಆಳಂದದ ಕಡೆಯ ಹೊಲಕ್ಕೆ ಓಡಾಡುತ್ತಿತ್ತು. ಎರೆಮಣ್ಣು ಚಕ್ರದ ಮೇಲಿನ ಗೂಡಿಗೆ ಮೆತ್ತಿಕೊಂಡರೆ, ಹೊರಗೆ ಒಣಗಿ ಬಿರುಕು ಬಿಟ್ಟರೂ ಒಳಗೆ ತೇವ ಹಿಡಿದೇ ಇರುತ್ತದೆ. ಡಿಕ್ಕಿಯಲ್ಲಿ ಗೊಬ್ಬರದ ಚೀಲ ಬೇರೆ. ಪೊಟ್ಯಾಷ್ ಎಂದರೆ ಕ್ಲೋರೈಡ್ ಲವಣ. ಚೀಲದಿಂದ ಉದುರಿದ್ದು ಕಾರ್ಪೆಟ್ ಕೆಳಗೆ ಸೇರಿದರೆ ಪತ್ರಾ ತಿನ್ನಲು ಸಮುದ್ರವೇ ಬೇಕೆಂದಿಲ್ಲ.

ತಳದಲ್ಲಿ ಬಣ್ಣ ಉಬ್ಬಿದ್ದು ಕಂಡು ಮುಂಗಾರಿನ ಹೊತ್ತಿಗೆ ಕೋಟಿಂಗ್ ಮಾಡಿಸಿದೆ. ಹಣ ಹೋದದ್ದು ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಬೆಳಿಗ್ಗೆ ಪ್ರೆಷರ್ ನೀರಿನಿಂದ ತೊಳೆದರು, ಮಧ್ಯಾಹ್ನ ಕಪ್ಪು ರಬ್ಬರ್ ಕೋಟಿಂಗ್ ಹೊಡೆದರು, ಸಂಜೆಗೆ ಗಾಡಿ ಮನೆಯಲ್ಲಿತ್ತು. ತುಕ್ಕನ್ನು ಯಾರೂ ಉಜ್ಜಿ ತೆಗೆಯಲಿಲ್ಲ. ತೆಗೆಯಿರಿ ಎಂದು ನಾನೂ ಹೇಳಲಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಪದರ ಪದರವಾಗಿ ಏಳುತ್ತದೆ, ಪದರಗಳ ನಡುವೆ ನೀರು ಕುಳಿತಿರುತ್ತದೆ. ಅದರ ಮೇಲೆ ರಬ್ಬರ್ ಬಳಿದರೆ ಒಳಗಿನ ತೇವ ಆರುವುದು ಎಲ್ಲಿಂದ? ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ ಒಳಗೆ ಪೊಳ್ಳು. ಇಳಿದ ನೀರು ಹರಿದುಹೋಗಲು ಅದರ ತಳದಲ್ಲಿ ಸಣ್ಣ ತೂತುಗಳಿರುತ್ತವೆ, ಬಾಗಿಲುಗಳ ಕೆಳ ಅಂಚಿನಲ್ಲೂ ಇರುತ್ತವೆ. ಕೋಟಿಂಗ್ ಪಟ್ಟಿಯ ತೂತುಗಳನ್ನೆಲ್ಲ ಮುಚ್ಚಿಬಿಟ್ಟಿತು. ಆಮೇಲಿನ ಮಳೆಯ ನೀರು ಆ ಪೊಳ್ಳಿನಲ್ಲೇ ನಿಂತಿತು. ಹೊರಗಿನಿಂದ ನೋಡಿದರೆ ತಳ ಕಪ್ಪಗೆ, ನುಣ್ಣಗೆ, ಹೊಸ ಗಾಡಿಯದೇ! ಸೇಡಂ ರಸ್ತೆಯಲ್ಲಿ ಪಂಕ್ಚರ್ ಆಗಿ ಜಾಕ್ ಏರಿಸಿದಾಗ ಗಾಡಿ ಏಳಲಿಲ್ಲ. ಪಟ್ಟಿ ಕಡಕ್ ರೊಟ್ಟಿಯಂತೆ ಮುರಿದು ಜಾಕ್ ಒಳಕ್ಕೆ ಹೋಯಿತು.

800ಕ್ಕೆ ಜೀಪಿನ ಹಾಗೆ ಬೇರೆ ಚಾಸಿಸ್ ಇಲ್ಲ. ತಳ, ಪಟ್ಟಿ, ಕಂಬಗಳೇ ಸೇರಿ ಭಾರ ಹೊರುತ್ತವೆ. ಕೊಳೆತದ್ದನ್ನು ಕತ್ತರಿಸಿ ಹೊಸ ಪತ್ರಾ ಕೂಡಿಸಲು ಕೋಟಿಂಗಿನ ಹಲವು ಪಟ್ಟು ತೆತ್ತೆ.

ನೀವು ಮೊದಲು ಸೀಟು, ಕಾರ್ಪೆಟ್ ತೆಗೆಸಿ. ದಪ್ಪ ಸ್ಕ್ರೂಡ್ರೈವರ್ ಹಿಡಿದು ಪಟ್ಟಿಯನ್ನೂ ಜಾಕ್ ಇಡುವ ಜಾಗವನ್ನೂ ಒತ್ತಿ ನೋಡಿ. ಒಳಗೆ ಇಳಿದರೆ ವೆಲ್ಡಿಂಗ್ ಬಿಟ್ಟು ದಾರಿಯಿಲ್ಲ. ತಳದಲ್ಲೇ ಪೆಟ್ರೋಲ್ ಪೈಪ್ ಹಾದುಹೋಗುತ್ತದೆ, ಬ್ಯಾಟರಿ ತಂತಿ ಬಿಚ್ಚದೆ ವೆಲ್ಡಿಂಗ್‌ಗೆ ಕೈ ಹಾಕುವವನ ಬಳಿ ಹೋಗಬೇಡಿ. ಇಳಿಯದಿದ್ದರೆ ಹೊಳೆಯುವ ಲೋಹ ಕಾಣುವವರೆಗೆ ವೈರ್ ಬ್ರಷ್‌ನಿಂದ ಉಜ್ಜಿಸಿ. ಬ್ರಷ್ ತಲುಪದ ಕುಳಿಗಳಿಗೆ ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ಫಾಸ್ಫಾರಿಕ್ ಆಮ್ಲದ ದ್ರವ (ರಸ್ಟ್ ಕನ್ವರ್ಟರ್), ಅದು ಪೂರ್ತಿ ಒಣಗಿದ ಮೇಲೆ ತೇವ ತಡೆಯುವ ಎಪಾಕ್ಸಿ ಪ್ರೈಮರ್. ತೂತುಗಳಲ್ಲಿ ತಂತಿ ಆಡಿಸಿ, ಪಟ್ಟಿಯ ಒಳಗೆ ಮೇಣದ ಸ್ಪ್ರೇ ಹೊಡೆಸಿ. ಮೇ ತಿಂಗಳಲ್ಲೇ ಮುಗಿಸಿ. ನಮ್ಮ ಬಿಸಿಲು ಉಪಕಾರಕ್ಕೆ ಬರುವ ಕೆಲಸ ಇದೊಂದೇ. ಪುಟ್ಟಿ ಮೆತ್ತಿ ಬಣ್ಣ ಹೊಡೆದುಕೊಡುತ್ತೇನೆ ಎನ್ನುವವನಿಗೆ ದೂರದಿಂದಲೇ ನಮಸ್ಕಾರ ಹೇಳಿ, ಪುಟ್ಟಿ ತೇವ ಹೀರುತ್ತದೆ.

ಸಸ್ಪೆನ್ಷನ್ ಕೂಡುವ ಜಾಗವೇ ಕೊಳೆತಿದ್ದರೆ ಮಾತ್ರ ಗಾಡಿಯನ್ನು ಗುಜರಿಗೆ ಕೊಡಿ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಲೇಬೇಕು. ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.